ಉಡಿಯೊಳಗೆ ಬಂದ ವಿಪ್

ಬುಧವಾರ ಮಧ್ಯಾಹ್ನ ಮೂರೂಕಾಲಿಗೆ ನಮ್ಮ ಓಣಿಯೊಳಗೆ ಒಂದು ಬಿಳಿ ಗಾಡಿ ಹಿಮ್ಮುಖವಾಗಿ ಬಂದು ನಿಂತಿತು. ಹೊತ್ತು ಇಷ್ಟು ಖಚಿತವಾಗಿ ನೆನಪಿರಲು ಕಾರಣ ರೋಣಕ್ಕೆ ಹೋಗುವ ಮೂರೂಕಾಲಿನ ಬಸ್ಸು. ಅದು ದಿನಾ ನಮ್ಮ ಓಣಿಯ ಬಾಯಿಯ ಮುಂದೆಯೇ ಹಾಯ್ದು ಹೋಗುತ್ತದೆ. ನಮ್ಮದು ಓಣಿಯ ಮೊದಲನೇ ಮನೆ. ಅವತ್ತು ಗಾಡಿಯ ಮೂತಿ ರಸ್ತೆಗೆ ಚಾಚಿಕೊಂಡಿದ್ದರಿಂದ ಬಸ್ಸು ನಿಂತುಬಿಟ್ಟಿತು. ಡ್ರೈವರು ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲ.

ಮಾತಾಡಿಸಲು ಬಂದವರು ಗಾಡಿಯನ್ನು ನೇರ ತಂದು ನಿಲ್ಲಿಸುತ್ತಾರೆ. ಹಿಮ್ಮುಖವಾಗಿ ತಂದು ನಿಲ್ಲಿಸುವವರಿಗೆ ಹೊರಡುವ ಅವಸರ ಇರುತ್ತದೆ. ಇದು ನನಗೆ ಹೊಳೆದದ್ದು ಎಷ್ಟೋ ತಿಂಗಳ ಮೇಲೆ. ಈಗಲೂ ಯಾವುದಾದರೂ ಗಾಡಿ ರಿವರ್ಸ್ ತೆಗೆಯುವಾಗಿನ ಪೀಂ ಪೀಂ ಸದ್ದು ಕೇಳಿದರೆ ಕೈಯಲ್ಲಿದ್ದದ್ದನ್ನು ಅಲ್ಲೇ ಇಟ್ಟು ಬಾಗಿಲಿಗೆ ಬರುತ್ತೇನೆ.

ನಮ್ಮದು ಯಾವ ಊರು ಎಂದು ಬರೆಯುವುದಿಲ್ಲ. ರೋಣ, ನರಗುಂದ, ಗಜೇಂದ್ರಗಡ ಮೂರಕ್ಕೂ ಬಸ್ಸು ಸಿಗುವ ಊರು, ಅಷ್ಟು ಸಾಕು. ಗಾಡಿ ಬಂದದ್ದು ನನ್ನ ಅಣ್ಣನ ಹೆಂಡತಿಗಾಗಿ. ನಾನು ವೈನಿ ಎಂದೇ ಕರೆಯುವುದು. ವೈನಿ ಪುರಸಭೆಯ ಸದಸ್ಯೆ. ಮನೆಯಲ್ಲಿ ಕುಣಿಮಗ್ಗದ ಮೇಲೆ ಸೀರೆ ನೇಯುತ್ತಾಳೆ. ಕುಣಿಮಗ್ಗ ಎಂದರೆ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಮಳೆ ಬಂದಾಗಲೆಲ್ಲ ನಮ್ಮ ಓಣಿಯ ಗಟಾರ ತುಂಬಿ ಹೊಲಸು ನೀರು ಆ ಕುಣಿಗಳಿಗೇ ಇಳಿಯುತ್ತಿತ್ತು. ವೈನಿ ಚುನಾವಣೆಗೆ ನಿಂತದ್ದು ಗಟಾರಕ್ಕಾಗಿ. ಗೆದ್ದದ್ದೂ ಅದರ ಮೇಲೆಯೇ. ಅವಳಿಗೆ ಟಿಕೆಟ್ಟು ಕೊಟ್ಟ ಪಕ್ಷಕ್ಕೆ ಪುರಸಭೆಯಲ್ಲಿ ಬಹುಮತ ಬಂತು. ಆ ಶುಕ್ರವಾರ ಅಧ್ಯಕ್ಷರ ಆಯ್ಕೆ ಇತ್ತು. ಜಾಗ ಹೆಣ್ಣುಮಕ್ಕಳಿಗೆ ಮೀಸಲು. ಹಿಂದಿನ ತಿಂಗಳು ಪಕ್ಷದ ಮುಖಂಡರು ನಮ್ಮ ಓಣಿಯಲ್ಲೇ ಕುರ್ಚಿ ಹಾಕಿಸಿ ಕೂತು, ಸದಸ್ಯೆಯಾದ ನಿವೃತ್ತ ನರ್ಸಬಾಯಿಯವರೇ ನಮ್ಮ ಅಧ್ಯಕ್ಷರು, ಅವರ ಮೊದಲ ಕೆಲಸ ಈ ಗಟಾರ ಎಂದು ಎಲ್ಲರೆದುರು ಹೇಳಿ ಹೋಗಿದ್ದರು. ಆ ಮುಖಂಡರನ್ನು ಊರೆಲ್ಲ ಸಾವಕಾರ್ರು ಎನ್ನುತ್ತದೆ. ನಾನೂ ಹಾಗೇ ಬರೆಯುತ್ತೇನೆ.

ಗಾಡಿಯಿಂದ ಮೂವರು ಇಳಿದರು. ಇಬ್ಬರು ಸಾವಕಾರ್ರ ಹುಡುಗರು, ನಮಗೆ ಮುಖ ಪರಿಚಯ. ಮೂರನೆಯವನು ಗಾಡಿಯ ಡ್ರೈವರು, ಗುರುತಿಲ್ಲದವನು.

"ಅಕ್ಕಾರ, ಲಗೂನ ತಯಾರಾಗ್ರಿ. ಎಲ್ಲಾ ಮೆಂಬರ್‌ಗೋಳು ಗುಡ್ಡಕ್ಕ ಹೊಂಟಾರ. ನರಗುಂದದಾಗ ಊಟ, ಮುಂದ ದೇವಿ ದರ್ಶನ. ಶುಕ್ರವಾರ ಮುಂಜಾನಿ ಸೀದಾ ಪುರಸಭೆಗೆ ತಂದು ಬಿಡ್ತೀವಿ."

"ಮೂರು ದಿನದ ದರ್ಶನ ಏನ್ರಿ? ದೇವಿಗೂ ಬ್ಯಾಸರಾಗ್ತೈತಿ," ಎಂದಳು ವೈನಿ, ಕುಣಿಯೊಳಗಿಂದಲೇ.

ಹುಡುಗರು ನಕ್ಕರು. ಅಣ್ಣನೂ ನಕ್ಕ. "ಹೋಗಿ ಬಾ, ಏನಾಗ್ತೈತಿ? ಎಲ್ಲಾರೂ ಹೊಂಟಾರ," ಎಂದ. ಇಂಥ ಯಾತ್ರೆ ಈಗ ಹೊಸದಲ್ಲ. ಆಯ್ಕೆಗೆ ಮುಂಚೆ ಸದಸ್ಯರನ್ನು ಒಟ್ಟಿಗೆ ಕರೆದೊಯ್ದು, ಮತ್ತೊಂದು ಪಕ್ಷದವರ ಕೈಗೆ ಸಿಗದಂತೆ ಇಟ್ಟು, ಮತದಾನದ ಹೊತ್ತಿಗೆ ತರುವುದು ಎಲ್ಲ ಕಡೆ ನಡೆಯುತ್ತದೆ. ವೈನಿ ಎದ್ದೇಬಿಟ್ಟಿದ್ದಳು.

ಆದರೆ ಹಿಮ್ಮುಖವಾಗಿ ನಿಂತದ್ದರಿಂದ ಗಾಡಿಯ ಹಿಂದಿನ ಗಾಜು ನಮ್ಮ ಬಾಗಿಲಿಗೇ ಎದುರಾಗಿತ್ತು. ಅದರ ಮೇಲೆ ಕಿತ್ತು ತೆಗೆದ ಸ್ಟಿಕ್ಕರಿನ ಅಂಟು ಉಳಿದಿತ್ತು. ಅಂಟಿಗೆ ಧೂಳು ಹತ್ತಿ ಸ್ಟಿಕ್ಕರಿನ ಆಕಾರ ಹಾಗೇ ಮೂಡಿತ್ತು. ಅದು ನಮ್ಮ ಪಕ್ಷದ ಗುರುತಲ್ಲ, ಎದುರಿನವರದು. ಚುನಾವಣೆಯ ಉದ್ದಕ್ಕೂ ಅದೇ ಗಾಡಿ ಅದೇ ಗುರುತು ಹೊತ್ತು ನಮ್ಮ ಓಣಿಯಲ್ಲಿ ಕೂಗುತ್ತ ಓಡಾಡಿತ್ತು.

ನಾನು ಒಳಗೆ ಹೋಗಿ ವೈನಿಯ ಕಿವಿಯಲ್ಲಿ ಹೇಳಿದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಹೊರಗಿನವರಿಗೆ ಕೇಳುವಂತೆ, "ಬ್ಯಾರೆ ಸೀರಿ ಉಟ್ಟು ಬರ್ತೀನಿ, ಚಾ ಕುಡೀರಿ ಅಲ್ಲೀತನ," ಎಂದಳು.

ನಮ್ಮ ಹಿತ್ತಿಲಗೋಡೆಯಲ್ಲಿ ಒಂದು ಕಿಂಡಿ ಇದೆ. ಹಿಂದಿನ ಮನೆಯವರೂ ನೇಕಾರರು. ನೂಲಿನ ಕಟ್ಟುಗಳನ್ನು ಅತ್ತಿಂದಿತ್ತ ಕೊಡಲು ಮಾಡಿದ ಕಿಂಡಿ ಅದು, ಮನುಷ್ಯರು ಹಾಯುವುದಕ್ಕಲ್ಲ. ವೈನಿ ಮೊದಲು ದಾಟಿದಳು, ನಾನು ಹಿಂದೆ. ಅತ್ತ ನೇಯುತ್ತಿದ್ದ ಹೆಂಗಸು ಲಾಳಿ ನಿಲ್ಲಿಸಿ ನಮ್ಮನ್ನು ನೋಡಿದಳು. ಮತ್ತೆ ನೇಯಲು ಶುರು ಮಾಡಿದಳು, ಮೊದಲಿಗಿಂತ ಜೋರಾಗಿ, ಮಗ್ಗದ ಸದ್ದಿನಲ್ಲಿ ನಮ್ಮ ಕಾಲ ಸದ್ದು ಮುಳುಗಲಿ ಎಂದು. ಆ ಮನೆಯ ಮುಂಬಾಗಿಲು ಆಚೆ ಓಣಿಗೆ. ಅಲ್ಲಿಂದ ಹೊರಬಿದ್ದರೆ ರಸ್ತೆಯಲ್ಲಿ ಆ ಬಸ್ಸಿನ ಹಿಂಭಾಗ. ಅವರ ಗಾಡಿ ಅಡ್ಡ ಇದ್ದುದರಿಂದಲೇ ಬಸ್ಸು ಇನ್ನೂ ಅಲ್ಲೇ ನಿಂತಿತ್ತು. ಹತ್ತಿದೆವು. ಕಂಡಕ್ಟರು ಕೆಳಗಿಳಿದು ಬೈಯುತ್ತಿದ್ದ. ಕೊನೆಗೆ ಗಾಡಿಯವನು ಮೂತಿ ಒಳಗೆಳೆದುಕೊಂಡು ನಮ್ಮ ಬಸ್ಸಿಗೆ ದಾರಿ ಬಿಟ್ಟ. ಕಿಟಕಿಯ ಕೆಳಗೆ ತಲೆ ಬಗ್ಗಿಸಿ ಕೂತ ವೈನಿಗೆ ನಗು ತಡೆಯಲಾಗಲಿಲ್ಲ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮುಂಬಾಗಿಲಲ್ಲಿ ಆ ಚಪ್ಪಲಿ ಕಾಣುತ್ತಿದ್ದುದರಿಂದಲೇ ಅವರು ಎರಡು ಸಲ ಚಹಾ ಕುಡಿದು ಕಾದರು ಎಂದು ಆಮೇಲೆ ಅಣ್ಣ ಹೇಳಿದ.

ಜಕ್ಕಲಿ ದಾಟುವಾಗ ಸಾವಕಾರ್ರ ಫೋನು ಬಂತು. ವೈನಿ ಫೋನನ್ನು ನಮ್ಮಿಬ್ಬರ ಕಿವಿಗಳ ನಡುವೆ ಹಿಡಿದಳು.

"ಎಲ್ಲಿದ್ದೀ ತಂಗೆವ್ವ? ಗಾಡಿ ಕಾದು ಕಾದು ಬಂತಲ್ಲ?"

"ಗಾಡಿ ಯಾರದ್ರಿ ಸಾವಕಾರ್ರ?"

ಸಾವಕಾರ್ರ ದನಿ ಮೆತ್ತಗಾಯಿತು. "ನೋಡವ್ವಾ, ನಮ್ಮ ಲೆಕ್ಕ ಬ್ಯಾರೆ ಆಗೇತಿ. ಅತ್ಲಾಗಿನವರ ಅಭ್ಯರ್ಥಿಗೆ ನಾವೂ ಕೈ ಎತ್ತೂದು. ಪಕ್ಷದ ಆದೇಶ. ವಿಪ್ ಕೊಡಾಕತ್ತೀನಿ. ಅದನ್ನ ಮೀರಿದ್ರ ಮೆಂಬರಿಕಿ ಹೊಕ್ಕೈತಿ, ಗೊತ್ತೈತಿಲ್ಲ? ನಿನ್ನ ನಾದಿನಿ ಕಲ್ತಾಕಿ ಅದಾಳ, ಕೇಳು."

"ಪಕ್ಷ ಹ್ವಾದ ತಿಂಗಳ ನಮ್ಮ ಓಣ್ಯಾಗ ಕುಂತು ಬ್ಯಾರೆ ಹೇಳಿತ್ತಲ್ರಿ?"

"ಪಕ್ಷ ಅಂದ್ರ ಇವತ್ತಿಂದು ಪಕ್ಷ," ಎಂದು ಅವರು ಫೋನು ಇಟ್ಟರು.

ನಾನು ಕಲಿತವಳೇ. ರೋಣದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ರಾಜ್ಯಶಾಸ್ತ್ರ ಹೇಳುತ್ತೇನೆ. ಪಕ್ಷಾಂತರ ನಿಷೇಧ ಎಂದರೇನು ಎಂಬ ಪ್ರಶ್ನೆಗೆ ಎಷ್ಟು ವರ್ಷದಿಂದಲೋ ಒಂದೇ ಉತ್ತರ ಬರೆಸುತ್ತ ಬಂದಿದ್ದೆ: ಒಂದು ಪಕ್ಷದಿಂದ ಗೆದ್ದವರು ಆ ಪಕ್ಷದ ಆದೇಶ ಮೀರಿ ಮತ ಹಾಕಿದರೆ, ಇಲ್ಲವೆ ಮತದಾನಕ್ಕೆ ಬರದೆ ಉಳಿದರೆ, ಸದಸ್ಯತ್ವ ಕಳೆದುಕೊಳ್ಳುತ್ತಾರೆ. ಆದೇಶಕ್ಕೆ ವಿಪ್ ಎನ್ನುತ್ತಾರೆ. ವಿಪ್ ಕೊಡುವವನೇ ಹೊರಳಿದರೆ ಏನಾಗುತ್ತದೆ ಎಂದು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ಆ ಬಸ್ಸಿನಲ್ಲಿ ಕೂತು ಯೋಚಿಸಿದೆ. ಸಾವಕಾರ್ರು ಎದುರಿನವರಿಗೆ ಮಾರಿಕೊಂಡಿದ್ದರು. ಅವರ ಹಿಂದೆ ಹೋಗುವ ಸದಸ್ಯರೆಲ್ಲ ಕಾನೂನಿನ ಕಣ್ಣಿಗೆ ನಿಷ್ಠಾವಂತರು. ಓಣಿಗೆ ಕೊಟ್ಟ ಮಾತು ಉಳಿಸಿಕೊಂಡು ನರ್ಸಬಾಯಿಯವರಿಗೆ ಕೈ ಎತ್ತಿದರೆ ವೈನಿಯೇ ಪಕ್ಷಾಂತರಿ.

ಉಳಿದದ್ದು ಒಂದೇ ಸಂದು. ಆದೇಶ ಬರಹದಲ್ಲಿ ಕೈಗೆ ತಲುಪಬೇಕು, ಫೋನಿನ ಮಾತು ಸಾಲದು; ತಲುಪದವರು ಆದೇಶ ಮೀರಿದರು ಎನ್ನಲಾಗುವುದಿಲ್ಲ. ಮಾರಿಕೊಂಡ ಸದಸ್ಯರು ತಪ್ಪಿಸಿಕೊಳ್ಳಲು ಬಳಸುವ ಸಂದು ಇದು. ವಿಪ್ ಬರುವ ಸುಳಿವು ಸಿಕ್ಕೊಡನೆ ದವಾಖಾನೆಯಲ್ಲಿ ಮಲಗುತ್ತಾರೆ, ಫೋನು ಆರಿಸುತ್ತಾರೆ, ಊರು ಬಿಡುತ್ತಾರೆ. ಈಗ ನಾವೂ ಅದನ್ನೇ ಮಾಡಬೇಕಾಗಿತ್ತು. ವೈನಿಗೆ ಹೇಳಿದೆ. ಅವಳು ಕಿಟಕಿಯಾಚೆ ನೋಡುತ್ತ, "ಕಳ್ಳರ ದಾರೀಲೆ ಹೋಗೂದಂದಂಗಾತು," ಎಂದು ಫೋನು ಆರಿಸಿದಳು.

ರೋಣದಲ್ಲಿ ಬಸ್ಸು ಬದಲಿಸಿ ಅಸೂಟಿಗೆ ಹೋದೆವು. ಅಲ್ಲಿ ವೈನಿಯ ತವರು. ಗುರುವಾರ ಇಡೀ ದಿನ ಅವಳು ಬಾಗಿಲ ಹೊರಗೆ ಬರಲಿಲ್ಲ. ನಾನು ಕಟ್ಟೆಯ ಮೇಲೆ ಕೂತು ಬರುವ ಹೋಗುವ ಬೈಕುಗಳನ್ನು ನೋಡಿದೆ. ಅವಳ ಕಾಕಾ ಒಬ್ಬರು ಬಂದು, "ನಾಳೆ ಯಾವ ದಾರೀಲೆ ಹೊಕ್ಕೀರಿ?" ಎಂದು ಕೇಳಿದರು. ಸಹಜವಾದ ಪ್ರಶ್ನೆ. ನಾನು ಸುಳ್ಳು ಹೇಳಿದೆ. ಅಣ್ಣನ ಮೇಲೂ ಅನುಮಾನ ಶುರುವಾಗಿತ್ತು. ಹೋಗಿ ಬಾ ಎಂದು ಅಷ್ಟು ಸುಲಭವಾಗಿ ಯಾಕೆ ಅಂದ? ಗಾಡಿಯ ಗಾಜು ಅವನಿಗೆ ಕಾಣಲಿಲ್ಲವೆ?

ಸಂಜೆ ಅಸೂಟಿಯ ಪಕ್ಕದ ಮನೆಯ ಫೋನಿನಿಂದ ಅವನೊಡನೆ ಮಾತಾಡಿದೆ. ಹಿಂದೆ ಯಾರೋ ಜೋರಾಗಿ ವಾದಿಸುತ್ತಿದ್ದರು.

"ಯಾರೋ ಅಣ್ಣಾ ಅಲ್ಲಿ?"

"ವಿಪ್ ತಂದಾರವಾ. ಮುಂಜಾನಿಂದ ಇಲ್ಲೇ ಅದಾರ. ಒಬ್ಬನ ಕೈಯಾಗ ಗೋಂದಿನ ಡಬ್ಬಿ, ಇನ್ನೊಬ್ಬಾಂವ ಫೋಟೋ ತೆಗ್ಯಾಂವ."

ಆಳು ಸಿಗದಿದ್ದರೆ ಬಾಗಿಲಿಗೆ ಅಂಟಿಸಿ ಫೋಟೋ ತೆಗೆದರೂ ಸಾಕು ಎಂದು ಅವರ ವಕೀಲರು ಹೇಳಿದ್ದರಂತೆ. ಅಣ್ಣ ಬೆಳಗಿನಲ್ಲೇ ಹೊಸ ಹಾಸು ಹೊರಗೆ ತಂದು ಬಿಗಿದಿದ್ದ. ಹಾಸು ಎಂದರೆ ಮಗ್ಗಕ್ಕೆ ಏರಿಸುವ ಉದ್ದದ ನೂಲು. ಓಣಿಯಲ್ಲಿ ಗೂಟಕ್ಕೆ ಕಟ್ಟಿ ಚಾಚಿ ಎಳೆ ಎಳೆ ಬಿಡಿಸಿ ಸರಿಮಾಡುತ್ತಾರೆ. ಅವನು ಒಂದು ತುದಿಯನ್ನು ಬೇವಿನ ಗಿಡಕ್ಕೂ ಇನ್ನೊಂದನ್ನು ಕಟ್ಟೆಯ ಗೂಟಕ್ಕೂ ಕಟ್ಟಿ ಬಾಗಿಲಿಗೆ ಪೂರಾ ಅಡ್ಡ ಹಾಕಿದ್ದ. ಬಿಗಿದ ಹಾಸನ್ನು ನಮ್ಮಲ್ಲಿ ಯಾರೂ ದಾಟುವುದಿಲ್ಲ. ಮನೆಯ ಮಕ್ಕಳೂ ಸುತ್ತು ಹಾಕಿ ಹೋಗುತ್ತಾರೆ. ಬಂದ ಹುಡುಗರೂ ನೇಕಾರರ ಮಕ್ಕಳೇ.

"ದಾಟ್ರಿ ಅಂದೆ. 'ಹ್ಯಾಂಗ ದಾಟೂದು ಮಾವಾರ' ಅಂದ್ರು. ಮತ್ತ ನಿಲ್ರಿ ಅಂದೆ. ನಿಂತಾರ," ಎಂದ ಅಣ್ಣ.

ಅವನ ಬಗ್ಗೆ ಅನುಮಾನಪಟ್ಟದ್ದಕ್ಕೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಅವನನ್ನು ಪಟ್ಟಿಯಿಂದ ಕೈಬಿಟ್ಟೆ, ಅಷ್ಟೇ. ಉಳಿದವರೆಲ್ಲ ಇನ್ನೂ ಇದ್ದರು.

ಶುಕ್ರವಾರ ಬೆಳಿಗ್ಗೆ ಬದನೆಕಾಯಿ ತುಂಬಿದ ಟೆಂಪೋದಲ್ಲಿ ಊರಿಗೆ ಬಂದೆವು. ಸಂತೆಯ ಹಿಂದೆ ಇಳಿದು ಸಣ್ಣ ಓಣಿಗಳಲ್ಲಿ ನಡೆದೆವು. ಪುರಸಭೆಯ ಗೇಟು ಕಾಣುತ್ತಿತ್ತು. ಗೇಟಿಗೆ ಮೊದಲು ಸಿಗುವ ಮೂಲೆಯ ಮನೆ ನಮ್ಮ ದೊಡ್ಡವ್ವನದು. ನಮ್ಮ ಅಪ್ಪನ ಅಣ್ಣನ ಹೆಂಡತಿ ಅವಳು. ನಮ್ಮ ಅವ್ವ ಬೇಗ ತೀರಿಕೊಂಡಿದ್ದರಿಂದ ಅಣ್ಣನನ್ನೂ ನನ್ನನ್ನೂ ಬೆಳೆಸಿದವಳು. ವೈನಿಯನ್ನು ಹೊಸಿಲು ದಾಟಿಸಿ ಮನೆತುಂಬಿಸಿಕೊಂಡವಳೂ ಅವಳೇ. ಅವತ್ತು ಹೊಸಿಲಲ್ಲೇ ನಿಂತಿದ್ದಳು.

"ಹೆಂಗಸು ಮಂಗಳವಾದ ಕೆಲಸಕ್ಕ ಹೊಂಟೀದಿ, ಶುಕ್ರವಾರ ಬ್ಯಾರೆ. ಬರೇ ಉಡೀಲೆ ಹೋಗ್ತಾರೇನ? ಒಳಗ ಬಾ."

"ಹೊತ್ತಾಗೇತಿ ದೊಡ್ಡವ್ವಾ," ಎಂದೆ ನಾನು.

"ನಿನಗಲ್ಲ, ಆಕೀಗೆ ಅಂದೆ. ನಿಂದೇನು, ಪುಸ್ತಕ ಓದೂದ ಮಂಗಳ."

ಉಡಿ ತುಂಬುತ್ತೇನೆ ಎಂದ ಹಿರಿಯರಿಗೆ ಬೇಡ ಎನ್ನುವ ಸೊಸೆ ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ವೈನಿ ಮಣೆಯ ಮೇಲೆ ಕೂತು ಸೆರಗು ಒಡ್ಡಿದಳು. ದೊಡ್ಡವ್ವ ಅರಿಶಿಣ ಕುಂಕುಮ ಹಚ್ಚಿ, ಅಕ್ಕಿ, ಉತ್ತತ್ತಿ, ಅರಿಶಿಣ ಬೇರು, ಕೊಬ್ಬರಿ ಬಟ್ಟಲು ಒಂದೊಂದಾಗಿ ಹಾಕಿ, ಮೇಲೆ ಮಡಿಸಿದ ಖಣ ಇಟ್ಟಳು. ಕುಪ್ಪಸದ ಆ ಬಟ್ಟೆ ಇಲ್ಲದೆ ಉಡಿ ಪೂರ್ತಿಯಾಗುವುದಿಲ್ಲ. ದೊಡ್ಡವ್ವನ ಮಗ ಕಂಬಕ್ಕೆ ಒರಗಿ ನಿಂತಿದ್ದ. ಅವನು ಸಾವಕಾರ್ರ ಕೈಯಲ್ಲಿ ಕೆಲಸ ಮಾಡುತ್ತಾನೆ. ಅವನ ಕೈಯಲ್ಲಿ ಫೋನು ಇತ್ತು. ಅದನ್ನು ಕಂಡೆ. ಈಗ ಎಲ್ಲರ ಕೈಯಲ್ಲೂ ಫೋನು ಇರುತ್ತದೆ ಎಂದುಕೊಂಡು ಸುಮ್ಮನಾದೆ. ಎರಡು ದಿನ ಕಂಡಕಂಡವರನ್ನೆಲ್ಲ ಅನುಮಾನಿಸಿದವಳು ಆ ಮನೆಯೊಳಗೆ ಮಾತ್ರ ಅನುಮಾನವನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟಿದ್ದೆ.

ತುಂಬಿದ ಉಡಿಯನ್ನು ದಾರಿಯಲ್ಲಿ ಬಿಚ್ಚುವುದಿಲ್ಲ. ಸೆರಗಿನಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಒಯ್ದು, ಒಳಗೆ ದೇವರನ್ನು ಕೂರಿಸಿದ ಜಗಲಿಯ ಮುಂದೆಯೇ ಬಿಚ್ಚಬೇಕು. ವೈನಿ ಹಾಗೆಯೇ ಕಟ್ಟಿಕೊಂಡು ಸಭೆಗೆ ನಡೆದಳು.

ನಾನು ಕಿಟಕಿಯ ಹೊರಗೆ ಜನರ ನಡುವೆ ನಿಂತು ನೋಡಿದೆ. ಉಳಿದ ಸದಸ್ಯರು ಅದೇ ಬಿಳಿ ಗಾಡಿಯಲ್ಲಿ ಬಂದಿದ್ದರು. ಮುಖ ತೊಳೆದು ಕುಂಕುಮ ಇಟ್ಟುಕೊಂಡಿದ್ದರು, ಯಾತ್ರೆಯಿಂದ ಬಂದವರಂತೆಯೇ ಇದ್ದರು. ಎದುರಿನವರ ಅಭ್ಯರ್ಥಿಯ ಹೆಸರು ಕೂಗಿದಾಗ ಅವರ ಕೈಗಳು ಒಟ್ಟಿಗೆ ಎದ್ದವು. ನರ್ಸಬಾಯಿಯವರ ಹೆಸರು ಕೂಗಿದಾಗ ಎದ್ದದ್ದು ಎರಡು ಕೈ. ಒಂದು ನರ್ಸಬಾಯಿಯವರದು. ಇನ್ನೊಂದು ವೈನಿಯದು. ಎಡಗೈಯಿಂದ ಸೊಂಟದ ಉಡಿ ಹಿಡಿದುಕೊಂಡು ಬಲಗೈ ಎತ್ತಿದ್ದಳು, ಎಲ್ಲರೂ ಇಳಿಸಿದ ಮೇಲೂ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು.

ಹೊರಗೆ ಬರುವಾಗ ಗೇಟಿನ ಬಳಿ ಸಾವಕಾರ್ರ ಹುಡುಗನೊಬ್ಬ ದಾರಿ ಬಿಟ್ಟು ನಿಂತು, "ಅಕ್ಕಾರ, ಉಡಿ ಭಾರ ಆಗೇತೇನ್ರಿ?" ಎಂದ. ಅವನ ಪಕ್ಕದವನು ನಕ್ಕ. ಹೆಂಗಸರೊಡನೆ ಹೀಗೆಲ್ಲ ಮಾತಾಡುತ್ತಾನಲ್ಲ ಎಂದು ಸಿಟ್ಟು ಬಂತು. ಅದಕ್ಕಿಂತ ಹೆಚ್ಚೇನೂ ತಿಳಿಯಲಿಲ್ಲ.

ಮನೆಯಲ್ಲಿ ಜಗಲಿಯ ಮುಂದೆ ವೈನಿ ಉಡಿ ಬಿಚ್ಚಿದಳು. ಅಕ್ಕಿಯನ್ನು ತಟ್ಟೆಗೆ ಸುರಿದು ಖಣ ಬಿಡಿಸಿ ಬಣ್ಣ ನೋಡಲು ಹೋದಳು. ಮಡಿಕೆಯೊಳಗಿಂದ ನಾಲ್ಕಾಗಿ ಮಡಿಸಿದ ಕಾಗದ ಜಾರಿ ಅಕ್ಕಿಯ ಮೇಲೆ ಬಿತ್ತು. ಅಂಚಿಗೆ ಅರಿಶಿಣ ಹತ್ತಿತ್ತು. ಪಕ್ಷದ ಹೆಸರು, ಸಾವಕಾರ್ರ ಸಹಿ, ಯಾರಿಗೆ ಕೈ ಎತ್ತಬೇಕು ಎಂಬ ಆದೇಶ. ವಿಪ್ ಸೊಂಟಕ್ಕೆ ಕಟ್ಟಿಕೊಂಡೇ ವಿಪ್ ಮೀರಿ ಬಂದಿದ್ದಳು.

ಮೆಂಬರಿಕಿ ಹೋಯಿತು ಎಂದು ಅವಳು ಅಳುತ್ತಾಳೆ ಎಂದುಕೊಂಡೆ. ಅವಳು ಕಾಗದವನ್ನು ಮುಟ್ಟಲೂ ಇಲ್ಲ.

"ಉಡ್ಯಾಗ ಇಟ್ಟಾರಲ್ಲ ತಂಗಿ," ಎಂದಳು. "ಉಡ್ಯಾಗ."

ಅಣ್ಣ ಕಾಗದ ಎತ್ತಿ ಓದಿ, "ಬಾಗಲಕ್ಕ ಹಾಸು ಕಟ್ಟಿದ್ದೆ," ಎಂದ.

ನರ್ಸಬಾಯಿಯವರು ಅವತ್ತೇ ರಾಜೀನಾಮೆ ಬರೆದುಕೊಟ್ಟು ತಮ್ಮ ಮಗಳ ಊರಿಗೆ ಹೊರಟುಹೋದರು. ಹೋಗುವ ಮೊದಲು, "ನಾ ವಿಪ್ ತಗೊಂಡೆ, ಓದಿದೆ, ಮೀರಿದೆ. ನೀ ಓದೇ ಇಲ್ಲ. ನೀ ಬಿಡಬ್ಯಾಡ," ಎಂದು ವೈನಿಗೆ ಹೇಳಿದರು. ವೈನಿ ಬಿಡಲಿಲ್ಲ. ಗಟಾರ ಇನ್ನೂ ಆಗಿರಲಿಲ್ಲ.

ಸದಸ್ಯತ್ವ ರದ್ದು ಮಾಡಿ ಎಂದು ಸಾವಕಾರ್ರು ಜಿಲ್ಲಾಧಿಕಾರಿಗಳಿಗೆ ದೂರು ಕೊಟ್ಟರು. ದೂರಿನ ಜೊತೆ, ವಿಪ್ ತಲುಪಿತ್ತು ಎನ್ನಲು ದೊಡ್ಡವ್ವನ ಮಗ ತೆಗೆದ ಒಂದು ವಿಡಿಯೋ. ನೋಟಿಸಿನೊಡನೆ ನಮಗೂ ಅದರ ಪ್ರತಿ ಬಂತು. ನಾನು ಅದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅರಿಶಿಣ ಕುಂಕುಮ ಅದರಲ್ಲಿಲ್ಲ, ಅಕ್ಕಿ ಹಾಕಿದ್ದಿಲ್ಲ, ಆರತಿ ಇಲ್ಲ. ದೊಡ್ಡವ್ವನ ಕೈ ತಟ್ಟೆಯಿಂದ ಖಣ ಎತ್ತುವಾಗ ಶುರುವಾಗುತ್ತದೆ, ಅದು ಸೆರಗಿಗೆ ಬಿದ್ದೊಡನೆ ಮುಗಿಯುತ್ತದೆ. ಖಣದೊಳಗೆ ಏನಿದೆ ಎಂದು ತಿಳಿದವನೇ ಹಾಗೆ ತೆಗೆಯಬಲ್ಲ. ಮಗನಿಗೆ ಗೊತ್ತಿತ್ತು. ಅದು ಖಾತ್ರಿ. ಆ ಕೈಗೆ ಗೊತ್ತಿತ್ತೆ? ನಾನು ನೋಡುತ್ತಿದ್ದುದು ಅದನ್ನೇ. ಖಣ ಎತ್ತುವಾಗ ದೊಡ್ಡವ್ವನ ಬೆರಳು ಒಂದು ಕ್ಷಣ ತಡೆಯುತ್ತವೆ. ಭಾರ ನೋಡಿದವೇ? ಮುಪ್ಪಿನ ನಡುಕವೇ? ಒಂದು ದಿನ ಹಾಗೆ ಕಾಣುತ್ತಿತ್ತು, ಮರುದಿನ ಹೀಗೆ.

ಅವರಿಗೆ ಇನ್ನೂ ಒಂದು ಬೇಕಿತ್ತು, ಸಾಕ್ಷಿ. ದೊಡ್ಡವ್ವ, ಅವಳ ಮಗ ಬಿಟ್ಟರೆ ಉಡಿ ತುಂಬುವಾಗ ಮನೆಯಲ್ಲಿದ್ದವಳು ನಾನೊಬ್ಬಳೇ. ವಿಪ್ ಕೊಟ್ಟದ್ದನ್ನೂ ವೈನಿ ತಿಳಿದೇ ತೆಗೆದುಕೊಂಡದ್ದನ್ನೂ ಕಂಡೆ ಎಂದು ನಾನು ಸಹಿ ಮಾಡಿದರೆ ಮುಗಿಯಿತು. ಮೊದಲು ಒಳ್ಳೆಯ ಮಾತು ಬಂತು, ಕಾಯಂ ನೌಕರಿಯ ಸುದ್ದಿ ಬಂತು. ಆಮೇಲೆ ಬಸ್ಸಿನಲ್ಲಿ ಇಬ್ಬರು ನನ್ನ ಹಿಂದಿನ ಸೀಟಿನಲ್ಲೇ ಕೂರತೊಡಗಿದರು. ರೋಣದ ತನಕ ಬರುತ್ತಿದ್ದರು, ಇಳಿದು ಚಹಾ ಕುಡಿದು, ನಾನು ಮರಳುವ ಬಸ್ಸಿಗೆ ಮತ್ತೆ ಹತ್ತುತ್ತಿದ್ದರು. ಒಂದು ದಿನ ಜಕ್ಕಲಿ ದಾಟಿದ ಮೇಲೆ ಒಬ್ಬ ನನ್ನ ಸೀಟಿನ ಹಿಂಬದಿಯ ಸರಳು ಹಿಡಿದು ಮುಂದಕ್ಕೆ ಬಾಗಿದ.

"ಮೇಡಮ್ಮಾರ, ಈ ರಸ್ತಾದಾಗ ಬಸ್ ಕೆಟ್ರ ಭಾಳ ತ್ರಾಸ ಅಲ್ರಿ? ಸುತ್ತ ಹೊಲ, ಒಂದು ಮನಿ ಇಲ್ಲ."

"ಹೌದ್ರಿ," ಎಂದೆ.

"ಅದಕ್ಕ, ಲಗೂ ಸಹಿ ಮಾಡಿದ್ರ ನಾವೂ ದಿನಾ ಬರೂದು ತಪ್ಪತೈತಿ."

ಅವನು ಅಷ್ಟೇ ಅಂದದ್ದು. ಬಸ್ಸಿನಲ್ಲಿ ಜನ ಇದ್ದರು, ಶೇಂಗಾ ತಿನ್ನುತ್ತ ಮಾತಾಡುತ್ತ ಕೂತಿದ್ದರು. ಅವನು ನನ್ನನ್ನು ಮುಟ್ಟಲಿಲ್ಲ. ಆದರೆ ಅವನ ಉಸಿರು ನನ್ನ ಕಿವಿಗೆ ತಾಗಿತ್ತು. ಇದನ್ನು ಬರೆಯುವಾಗಲೂ ಅದೇ ಕಿವಿಯನ್ನು ಉಜ್ಜಿಕೊಂಡೆ. ಮನೆಗೆ ಬಂದು ವೈನಿಗೆ ಹೇಳಲಿಲ್ಲ. ಅವಳಿಗೂ ಇಂಥದ್ದು ಏನೋ ಆಗಿತ್ತು, ಅವಳೂ ನನಗೆ ಹೇಳಲಿಲ್ಲ. ನಾವಿಬ್ಬರೂ ಒಂದೇ ಖೋಲಿಯಲ್ಲಿ ಮಲಗುತ್ತಿದ್ದೆವು. ಅವಳಿಗೆ ನಿದ್ದೆ ಬಂದಿಲ್ಲ ಎಂದು ನನಗೆ ಗೊತ್ತಾಗುತ್ತಿತ್ತು, ನನಗೆ ಬಂದಿಲ್ಲ ಎಂದು ಅವಳಿಗೆ.

ವಿಚಾರಣೆಗೆ ಮೂವರೂ ಹೋದೆವು. ದೊಡ್ಡವ್ವನಿಗೂ ನೋಟಿಸು ಹೋಗಿತ್ತು. ಆರಾಮ ಇಲ್ಲ ಎಂದು ಅವಳ ಮಗ ಚೀಟಿ ತಂದಿದ್ದ. ಸಾವಕಾರ್ರ ವಕೀಲರು ನನ್ನನ್ನು ಕೇಳಿದರು.

"ತಟ್ಟೆಯಲ್ಲಿದ್ದದ್ದನ್ನು ಇವರು ಸ್ವೀಕರಿಸಿದ್ದನ್ನು ನೋಡಿದಿರಾ?"

"ಉಡಿ ತುಂಬಿಸಿಕೊಂಡದ್ದನ್ನು ನೋಡಿದೆ."

"ಅದರೊಳಗೆ ವಿಪ್ ಇತ್ತೋ ಇಲ್ಲವೋ?"

ಇಲ್ಲ ಎಂದುಬಿಡಬಹುದಿತ್ತು. ರಾತ್ರಿಯೆಲ್ಲ ಆ ಸುಳ್ಳನ್ನು ಮನಸ್ಸಿನಲ್ಲೇ ತಿದ್ದಿ ತೀಡಿ ಸಿದ್ಧಪಡಿಸಿಕೊಂಡಿದ್ದೆ. ವೈನಿ ಬೆಳಿಗ್ಗೆ ಬಸ್ಸು ಹತ್ತುವಾಗ ಹೇಳಿದ್ದಳು, "ಇದ್ದದ್ದು ಹೇಳು. ಅವರಂಗ ನಾವೂ ಆದ್ರ ನಾ ಕೈ ಎತ್ತಿದ್ದು ಯಾಕ?" ಎಂದು.

"ಇತ್ತು," ಎಂದೆ. "ಮನೆಗೆ ಬಂದು ದೇವರ ಮುಂದೆ ಬಿಚ್ಚಿದಾಗ ಕಂಡಿತು. ಅಷ್ಟರಲ್ಲಿ ಕೈ ಎತ್ತಿ ಆಗಿತ್ತು."

"ಮೊದಲೇ ಬಿಚ್ಚಿ ನೋಡಲು ಯಾರು ಬೇಡ ಅಂದಿದ್ದರು?"

ವೈನಿ ನನಗಿಂತ ಮೊದಲು ಮಾತಾಡಿದಳು. "ಸಾಹೇಬ್ರ, ನಿಮ್ಮ ಮನ್ಯಾಗ ಹೆಣ್ಮಕ್ಕಳು ಉಡಿ ದಾರ್ಯಾಗ ಬಿಚ್ತಾರೇನ್ರಿ?"

ಮೂಲೆಯಲ್ಲಿ ಬೆರಳಚ್ಚು ಮಾಡುತ್ತಿದ್ದ ಹೆಣ್ಣುಮಗಳು ತಲೆ ಎತ್ತಿ ವೈನಿಯನ್ನು ನೋಡಿದಳು. ವಕೀಲರು ಕಾಗದ ತಿರುವಿದರು. ನಂತರ ಅವರೇ ಮುಂದಿನ ತಾರೀಖು ಕೇಳಿದರು. ಮುಂದಿನ ಸಲವೂ ಕೇಳಿದರು. ಒಮ್ಮೆ ವಕೀಲರಿಗೆ ಬೇರೆ ಕೆಲಸ, ಒಮ್ಮೆ ಸಾವಕಾರ್ರಿಗೆ ಆರಾಮ ಇಲ್ಲ. ಮೊದಲು ನನಗೆ ಸಮಾಧಾನವಾಗಿತ್ತು. ಆಮೇಲೆ ತಿಳಿಯಿತು. ತೀರ್ಪು ಬಂದರೆ ವೈನಿ ಗೆಲ್ಲಬಹುದು, ಸೋಲಬಹುದು. ತೀರ್ಪು ಬರದಿದ್ದರೆ ಮೆಂಬರಿಕಿ ದಿನವೂ ಅವರ ಹಿಡಿಯಲ್ಲೇ ಇರುತ್ತದೆ. ಪುರಸಭೆಯ ಸಭೆಯಲ್ಲಿ ವೈನಿ ಗಟಾರದ ಮಾತೆತ್ತಿದರೆ, "ನಿಮ್ಮ ಕೇಸ್ ಏನಾತ್ರಿ ಅಕ್ಕಾರ?" ಎಂದು ಯಾರಾದರೂ ಕೇಳುತ್ತಿದ್ದರು. ಎದ್ದು ನಿಂತವಳು ಕೂರುತ್ತಿರಲಿಲ್ಲ. ಮತ್ತೆ ಮೊದಲಿಂದ ಹೇಳುತ್ತಿದ್ದಳು. ಕೊನೆಗೆ ಕೆಲಸ ಶುರುವಾಗಿ ಓಣಿಯ ಅರ್ಧಕ್ಕೆ ಬಂದು ನಿಂತಿತು. ನಮ್ಮ 'ನಿಷ್ಠಾವಂತ' ಸದಸ್ಯರು ತಮ್ಮ ತಮ್ಮ ಓಣಿಗಳಿಗೆ ಏನೇನು ಮಾಡಿಕೊಂಡರು ಎಂದು ಬರೆದರೆ ಚಾಡಿಯಾಗುತ್ತದೆ.

ಅಷ್ಟು ಕಾಲವೂ ವೈನಿ ಯಾರ ಮನೆಯಲ್ಲೂ ಉಡಿ ತುಂಬಿಸಿಕೊಳ್ಳಲಿಲ್ಲ. ಮದುವೆಗೆ ಹೋದರೆ ಆರತಿಗೆ ಮೊದಲೇ ಎದ್ದು ಬರುತ್ತಿದ್ದಳು. ಬಸುರಿಯರ ಕುಬಸಕ್ಕೆ, ಕೂಸಿನ ತೊಟ್ಟಿಲಿಗೆ ಕರೆದರೆ ಮಗ್ಗದ ನೆಪ ಹೇಳುತ್ತಿದ್ದಳು. ಒಮ್ಮೆ ತವರಿನಲ್ಲಿ ಅವಳ ತಾಯಿಯೇ ತಟ್ಟೆ ತಂದಾಗ ಖಣ ಎತ್ತಿ ಜಾಡಿಸಿದಳು. ಏನೂ ಬೀಳಲಿಲ್ಲ. ತಾಯಿ ತಟ್ಟೆ ಹಿಡಿದುಕೊಂಡೇ ಒಳಗೆ ಹೋದಳು. ಆ ದಿನ ವೈನಿ ಅತ್ತಳು. ಅದೊಂದೇ ಸಲ ನಾನು ಕಂಡದ್ದು. ದೊಡ್ಡವ್ವನ ಮನೆಯ ಮುಂದೆ ನಾವು ಹಾಯುತ್ತಿರಲಿಲ್ಲ. ಸಂತೆಗೆ ಹೋಗಲು ಆಚೆ ಓಣಿ ಹಿಡಿಯುತ್ತಿದ್ದೆವು. ಅವಳು ಹೊಸಿಲಲ್ಲಿ ಕೂತಿರುತ್ತಾಳೆ, ದಾರಿ ನೋಡುತ್ತಾಳೆ ಎಂದು ಜನ ಹೇಳುತ್ತಿದ್ದರು. ಮಗನೇ ಕೂರಿಸಿರಬೇಕು ಎಂದು ನಾನು ಅನ್ನುತ್ತಿದ್ದೆ.

ಪುರಸಭೆಯ ಅವಧಿ ಮುಗಿಯಿತು. ತೀರ್ಪು ಬರಲೇ ಇಲ್ಲ. ಇನ್ನು ರದ್ದು ಮಾಡಲು ಮೆಂಬರಿಕಿಯೇ ಉಳಿದಿರಲಿಲ್ಲ. ವೈನಿ ಕೊನೆಯ ದಿನದ ತನಕ ಸದಸ್ಯೆಯಾಗಿಯೇ ಇದ್ದಳು. ಅವರಿಗೆ ಅದನ್ನು ಕಿತ್ತುಕೊಳ್ಳಲಾಗಲಿಲ್ಲ. ಕೊನೆಯ ದಿನದ ತನಕ ಆರೋಪಿಯಾಗಿಯೂ ಇದ್ದಳು. ಅಣ್ಣ ಬಾಗಿಲ ಮೇಲಿನ 'ಪುರಸಭಾ ಸದಸ್ಯೆ' ಬೋರ್ಡು ಬಿಚ್ಚಿದ. ವೈನಿ ಅದನ್ನು ಒರೆಸಿ, ಮಗ್ಗದ ಕುಣಿಯ ಬದಿಯಲ್ಲಿ ನೀರು ಬರುವ ಕಡೆಗೆ ಅಡ್ಡ ನಿಲ್ಲಿಸಿದಳು. ಗಟಾರ ಅರ್ಧವೇ ಆಗಿತ್ತಲ್ಲ.

ಅದು ಶುಕ್ರವಾರ. ಸಂಜೆ ಅವಳು ತಲೆ ಬಾಚಿಕೊಂಡು ಒಳ್ಳೆಯ ಸೀರೆ ಉಟ್ಟಳು. "ನಡಿ ತಂಗಿ," ಎಂದಳು. ಎಲ್ಲಿಗೆ ಎಂದು ಕೇಳಿದರೂ ಹೇಳಲಿಲ್ಲ. ಪುರಸಭೆಯ ರಸ್ತೆಗೆ ತಿರುಗಿದಾಗ ನನಗೆ ತಿಳಿಯಿತು, ಕಾಲು ನಿಂತವು. ಅವಳು ನಿಲ್ಲಲಿಲ್ಲ.

ದೊಡ್ಡವ್ವ ಹೊಸಿಲಲ್ಲಿ ಕೂತಿದ್ದಳು. ತುಂಬಾ ಇಳಿದುಹೋಗಿದ್ದಳು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ ಗುರುತು ಹಿಡಿದಳು. "ಯವ್ವಾ, ಅವತ್ತು ಅದರಾಗ..." ಎಂದು ಶುರು ಮಾಡಿದಳು.

"ನಾ ಏನೂ ಕೇಳಾಕ ಬಂದಿಲ್ಲ ದೊಡ್ಡವ್ವಾ. ಶುಕ್ರವಾರ ಐತಿ. ಉಡಿ ತುಂಬು."

ದೊಡ್ಡವ್ವ ಗೋಡೆ ಹಿಡಿದು ಎದ್ದಳು. ಮಗ ಮನೆಯಲ್ಲಿರಲಿಲ್ಲ. ನಾನು ಒಳಗೆಲ್ಲ ನೋಡಿ ಖಾತ್ರಿ ಮಾಡಿಕೊಂಡೆ. ಅಕ್ಕಿ ಹಾಕುವಾಗ ಅವಳ ಕೈ ನಡುಗಿ ಅರ್ಧ ನೆಲಕ್ಕೆ ಬಿತ್ತು. ಖಣ ಎತ್ತುವಾಗ ಬೆರಳು ತಡೆಯುತ್ತವೆಯೋ ಎಂದು ನಾನು ಉಸಿರು ಹಿಡಿದು ನೋಡಿದೆ. ತಡೆದವು. ಇವತ್ತು ತಡೆದದ್ದರಿಂದ ಅವತ್ತಿನದು ಮುಪ್ಪಿನ ನಡುಕ ಎಂದಾಯಿತೇ? ಇಷ್ಟು ವರ್ಷದ ಭಯವೂ ಬೆರಳನ್ನು ತಡೆಯಬಹುದಲ್ಲ? ನನಗೆ ಗೊತ್ತಾಗಲಿಲ್ಲ, ಗೊತ್ತಾಗುವುದೂ ಇಲ್ಲ. ವೈನಿ ನೋಡುತ್ತಲೇ ಇರಲಿಲ್ಲ. ಕಣ್ಣು ಮುಚ್ಚಿ ಸೆರಗು ಒಡ್ಡಿ ಕೂತಿದ್ದಳು. ಖಣ ಬಿದ್ದೊಡನೆ ಗಂಟು ಕಟ್ಟಿದಳು, ಮುಟ್ಟಿ ನೋಡಲಿಲ್ಲ. ದೊಡ್ಡವ್ವನ ಕಾಲಿಗೆ ನಮಸ್ಕರಿಸಿ ಎದ್ದಳು.

ದಾರಿಯಲ್ಲಿ ನನ್ನ ಕಣ್ಣು ಅವಳ ಸೊಂಟದ ಮೇಲೆಯೇ ಇತ್ತು. "ಹಂಗ ನೋಡಬ್ಯಾಡ," ಎಂದಳು, "ಅಕ್ಕಿ ಐತಿ."

ಜಗಲಿಯ ಮುಂದೆ ಬಿಚ್ಚಿದಾಗ ಅಕ್ಕಿ ಇತ್ತು, ಉತ್ತತ್ತಿ ಇತ್ತು, ಕೊಬ್ಬರಿ ಇತ್ತು. ಹಸಿರು ಖಣ. ಆ ಅಕ್ಕಿಯಿಂದಲೇ ಹುಗ್ಗಿ ಮಾಡಿದಳು, ಮೂವರೂ ಉಂಡೆವು. ಪಕ್ಕದ ಖೋಲಿಯಲ್ಲಿ ಅಣ್ಣ ಮಲಗಿದ. ದೀಪ ಆರಿಸಿದ ಸ್ವಲ್ಪ ಹೊತ್ತಿಗೆ ಓಣಿಯ ಬಾಯಲ್ಲಿ ಯಾವುದೋ ಗಾಡಿ ರಿವರ್ಸ್ ತೆಗೆಯಿತು. ನಾನು ಏಳಲು ಹೋದೆ. ವೈನಿಯ ಉಸಿರು ಆಗಲೇ ಭಾರವಾಗಿತ್ತು, ನಿದ್ದೆಯಲ್ಲಿದ್ದವರ ಉಸಿರು. ಅದನ್ನು ಕೇಳುತ್ತ ಮಲಗಿದೆ. ಮತ್ತೆ ನನಗೆ ಎಚ್ಚರವಾದಾಗ ಬೆಳಕು ಹರಿದಿತ್ತು. ವೈನಿ ಇನ್ನೂ ಎದ್ದಿರಲಿಲ್ಲ, ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು.